ಕಲ್ಲು ಮಣ್ಣಾಗಿ, ಮಣ್ಣು ಕಲ್ಲಾಗಿ

ಬದಲಾಗದ ವಸ್ತುವಿಗೆ ಕಲ್ಲನ್ನು ಹೋಲಿಕೆಯಾಗಿ ಹೇಳುವುದು ಲೋಕರೂಢಿ. ಅಳಿಯಬಾರದ ಮಾತನ್ನು ಅರಸರು ಶಿಲೆಯ ಮೇಲೆ ಕೆತ್ತಿಸಿದರು. ಅಲುಗಬಾರದ ಕೋಟೆಯನ್ನು ಬಂಡೆಯ ಮೇಲೆ ಕಟ್ಟಿಸಿದರು. ಯಾದಗಿರಿಯ ಕೋಟೆ ಅಂತಹದೊಂದು ಬಂಡೆಗುಡ್ಡದ ಮೇಲೆ ನಿಂತಿದೆ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುತ್ತದೆ. ಸುರಪುರವಂತೂ ಗುಡ್ಡಗಳ ಮಡಿಲಿನಲ್ಲಿಯೇ ಬೆಳೆದ ಊರು. ಇಲ್ಲಿಯ ಮಕ್ಕಳು ಹುಟ್ಟಿದಂದಿನಿಂದ ಬಂಡೆಗಳನ್ನು ನೋಡುತ್ತಲೇ ಬೆಳೆಯುತ್ತಾರೆ. ಆದರೂ ಶಿಲೆಗಳಲ್ಲಿ ಮೂರು ಬಗೆಗಳಿವೆ ಎಂಬುದನ್ನು ಅವರು ಹೆಚ್ಚಾಗಿ ಕಲಿಯುವುದು ಪುಸ್ತಕದಿಂದ. ಮೂರು ಹೆಸರುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುವುದೂ ಉಂಟು. ಹೆಸರು ಮರೆತರೆ ದೊಡ್ಡ ನಷ್ಟವಿಲ್ಲ. ಕಾಲಕೆಳಗಿನ ನೆಲ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯೇ ಮನಸ್ಸಿನಲ್ಲಿ ಹುಟ್ಟದೆ ಹೋದರೆ ಮಾತ್ರ ಅದು ತುಂಬಲಾರದ ನಷ್ಟ.

ಈ ಪ್ರಶ್ನೆಯನ್ನು ಆಳವಾಗಿ ಚಿಂತಿಸಿದವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಟನ್ (1726-1797) ಪ್ರಮುಖನು. ವೈದ್ಯವಿದ್ಯೆಯನ್ನು ಓದಿದ್ದ ಆತ ಹಲವು ವರ್ಷ ಬೇಸಾಯ ಮಾಡಿದನು. ಮಳೆಗೆ ಹೊಲದ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹರಿದುಹೋಗುವುದನ್ನು ಕಂಡನು. ಹೀಗೆಯೇ ನಡೆಯುತ್ತ ಹೋದರೆ ನೆಲವೆಲ್ಲ ಸವೆದು ಕಡಲಿನ ಪಾಲಾಗಬೇಕಿತ್ತು. ಹಾಗಾಗದಿರಲು ಕಾರಣವೇನು? ಕಡಲ ತಳ ಸೇರಿದ ಮಣ್ಣು ಅಲ್ಲಿ ಕಲ್ಲಾಗಿ, ಮತ್ತೆ ನೆಲವಾಗಿ ಮೇಲೇಳುತ್ತಿರಬೇಕು ಎಂಬುದು ಆತ ಕಂಡುಕೊಂಡ ಉತ್ತರ. 1785ರಲ್ಲಿ ಎಡಿನ್‌ಬರೋ ನಗರದ ರಾಯಲ್ ಸೊಸೈಟಿಯ ಮುಂದೆ ಈ ವಾದ ಮಂಡಿತವಾಯಿತು. ಇಂದು ‘ಶಿಲಾಚಕ್ರ’ ಎಂದು ಕರೆಯುವ ವಿಚಾರಕ್ಕೆ ಅದೇ ತಳಹದಿ.

ಹಟನ್ನನ ಉತ್ತರ ಸರಿಯೇ ಎಂದು ಪರೀಕ್ಷಿಸಲು ಬೇಕಾದ ಸಾಮಗ್ರಿಯೆಲ್ಲ ಯಾದಗಿರಿ ಜಿಲ್ಲೆಯಲ್ಲಿದೆ. ಮೊದಲ ಕೆಲಸ ಕಲ್ಲುಗಳನ್ನು ಆಯ್ದು ತರುವುದು. ಗುಡ್ಡದ ಬುಡದಲ್ಲಿ ದೊರೆಯುವ ಗ್ರಾನೈಟಿನ ಚೂರನ್ನು ಬಿಸಿಲಿಗೆ ಹಿಡಿದರೆ ಗಾಜಿನಂತೆ ಮಿನುಗುವ ಬೆಣಚು, ಬಿಳಿಯ ಅಥವಾ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಬೇರೆಬೇರೆಯಾಗಿ ಕಾಣುತ್ತವೆ. ಭೂಮಿಯ ಆಳದಲ್ಲಿ ಶಿಲಾರಸ ಆರಿ ಗಟ್ಟಿಯಾದ ಅಗ್ನಿಶಿಲೆ ಇದು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಸುರಪುರದ ಪಶ್ಚಿಮಕ್ಕೆ ಸಿಗುವ ಬಸಾಲ್ಟ್ ಎಂಬ ಕರಿಗಲ್ಲೂ ಅಗ್ನಿಶಿಲೆಯೇ. ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಮೇಲೆ ಹರಿದ ಲಾವಾರಸದಿಂದ ಆದದ್ದು. ಅದರ ಕಣಗಳು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಸುಣ್ಣದ ಕಲ್ಲಿನ ಜಾತಿಯ ಪದರು ಶಿಲೆ. ಭೀಮಾ ತೀರದ ಈ ಸೀಮೆಯನ್ನು ಆಳವಿಲ್ಲದ ಕಡಲು ಆವರಿಸಿದ್ದಾಗ ಅದರ ತಳದಲ್ಲಿ ನೆಲೆಗೊಂಡದ್ದು. ಕಪ್ಪು ಬಿಳಿ ಪಟ್ಟೆಗಳು ಬಳುಕಿದಂತೆ ಕಾಣುವ ನೈಸ್ ಮತ್ತು ಸುರಪುರ ಸೀಮೆಯ ಮಂಗಳೂರಿನ ಸುತ್ತ ಸಿಗುವ, ತೆಳುವಾಗಿ ಸೀಳುವ ಶಿಸ್ಟ್ ಎಂಬವು ರೂಪಾಂತರ ಶಿಲೆಗಳು. ತಂದ ಕಲ್ಲುಗಳನ್ನು ಹೆಸರು ಹೇಳದೆ ವಿದ್ಯಾರ್ಥಿಗಳ ಮುಂದಿಟ್ಟು, ಅವರೇ ನೋಡಿ, ಮುಟ್ಟಿ, ಗುಂಪುಮಾಡುವಂತೆ ಬಿಡಬೇಕು. ಹೆಸರು ಆಮೇಲೆ ಬಂದರೆ ಸಾಕು.

ಎರಡನೆಯ ಕೆಲಸ, ಕಲ್ಲು ಸವೆಯುವುದನ್ನು ನೋಡುವುದು. ಮೂಲೆಗಳು ಚೂಪಾಗಿರುವ ಹತ್ತು ಇಟ್ಟಿಗೆ ಚೂರುಗಳನ್ನು ತೂಗಿ, ನೀರಿನೊಡನೆ ಭದ್ರವಾದ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು. ತರಗತಿಯವರೆಲ್ಲ ಸರದಿಯಂತೆ ಒಂದು ಸಾವಿರ ಸಲ ಕುಲುಕಿದ ಮೇಲೆ ತೆರೆದರೆ ನೀರು ಕೆಂಪಾಗಿರುತ್ತದೆ. ಚೂರುಗಳ ಮೂಲೆಗಳು ಉರುಟಾಗಿರುತ್ತವೆ. ಒಣಗಿಸಿ ತೂಗಿದರೆ ಕಳೆದುಕೊಂಡ ತೂಕ ತಿಳಿಯುತ್ತದೆ. ಹೊಳೆಯ ದಂಡೆಯ ಉರುಟುಗಲ್ಲುಗಳ ಕಥೆಯೂ ಇದೇ. ಬಂಡೆಗುಡ್ಡದಲ್ಲಿ ಹಗಲಿನ ಬಿಸಿಲು, ಇರುಳಿನ ತಂಪು, ಬಿರುಕಿನಲ್ಲಿ ಇಳಿಯುವ ನೀರು, ಗಿಡದ ಬೇರು ಒಂದಾಗಿ ಈ ಕೆಲಸವನ್ನು ಆರಂಭಿಸುತ್ತವೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ. ಗುಡ್ಡದ ಕೆಳಗಿನ ಕೆಂಪು ಮಸಾರಿ ನೆಲ ಹೀಗೆ ಆದದ್ದು; ಹತ್ತಿ, ಜೋಳ ಬೆಳೆಯುವ ಎರೆ ಭೂಮಿಗೆ ಬಹುಮಟ್ಟಿಗೆ ಕರಿಗಲ್ಲು ತಾಯಿ.

ಮೂರನೆಯದಕ್ಕೆ ಬೇಕಾದುದು ಒಂದು ಗಾಜಿನ ಸೀಸೆ. ಅದರಲ್ಲಿ ಸಣ್ಣ ಹರಳು, ಮರಳು, ಎರೆಮಣ್ಣು, ನೀರು ಹಾಕಿ ಚೆನ್ನಾಗಿ ಅಲುಗಿಸಿ ಇಡಬೇಕು. ಹರಳು ಒಡನೆಯೇ ತಳ ಸೇರುತ್ತದೆ. ಮರಳು ಅದರ ಮೇಲೆ ಕೂರುತ್ತದೆ. ಜೇಡಿಯ ಸೂಕ್ಷ್ಮ ಕಣಗಳು ಬಹಳ ಹೊತ್ತು ನೀರಿನಲ್ಲಿ ತೇಲುತ್ತಿರುತ್ತವೆ. ಕೆಲವು ದಿನಗಳ ಅಂತರದಲ್ಲಿ ಇನ್ನಷ್ಟು ಮಣ್ಣು ಸುರಿದರೆ ಪದರದ ಮೇಲೆ ಪದರ ಕಟ್ಟುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಭೂವಿಜ್ಞಾನದ ಮುಖ್ಯ ನಿಯಮ ಯಾರೂ ಹೇಳಿಕೊಡದೆಯೇ ಮನವರಿಕೆಯಾಗುತ್ತದೆ. ಆದರೆ ಎಲ್ಲ ಪದರು ಶಿಲೆಗಳೂ ಮಣ್ಣು ಮರಳಿನಿಂದಲೇ ಆದವಲ್ಲ. ಶಹಾಬಾದಿ ಕಲ್ಲಿನ ಪುಡಿಯ ಮೇಲೆ ಶಿಕ್ಷಕರು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಬರುತ್ತದೆ. ಗ್ರಾನೈಟಿನ ಪುಡಿಯ ಮೇಲೆ ಬಿಟ್ಟರೆ ಬರುವುದಿಲ್ಲ. ಹೊರಬರುವುದು ಇಂಗಾಲದ ಡೈಆಕ್ಸೈಡ್. ಹಿಂದೊಮ್ಮೆ ಕಡಲ ನೀರಿನಲ್ಲಿ ಕರಗಿದ್ದ ವಸ್ತು ಸುಣ್ಣದ ಕಲ್ಲಾಗಿ ನೆಲೆಸಿತ್ತು ಎಂಬುದಕ್ಕೆ ಆ ನೊರೆ ಕುರುಹು.

ನಾಲ್ಕನೆಯದು ಶಾಖ ಮಾಡುವ ಬದಲಾವಣೆ. ಒಂದು ಹಸಿ ಇಟ್ಟಿಗೆಯನ್ನೂ ಒಂದು ಸುಟ್ಟ ಇಟ್ಟಿಗೆಯನ್ನೂ ನೀರಿನಲ್ಲಿಟ್ಟರೆ ಹಸಿಯದು ಕರಗಿ ಕೆಸರಾಗುತ್ತದೆ, ಸುಟ್ಟದ್ದು ಹಾಗೆಯೇ ಉಳಿಯುತ್ತದೆ. ಎರಡಕ್ಕೂ ಮಣ್ಣು ಒಂದೇ. ಭಟ್ಟಿಯಲ್ಲಿ ಅದು ಪೂರ್ತಿ ಕರಗಿ ಹರಿಯಲಿಲ್ಲ, ಆದರೂ ಬೇರೆ ವಸ್ತುವಾಯಿತು. ರೂಪಾಂತರವೆಂದರೆ ಹೀಗೆ ಘನರೂಪದಲ್ಲಿಯೇ ಆಗುವ ಮಾರ್ಪಾಡು. ಇದರಲ್ಲಿ ಒತ್ತಡದ ಪಾತ್ರವೇನು ಎಂಬುದನ್ನು ತೋರಿಸಲು ಬಣ್ಣಬಣ್ಣದ ಮೇಣದ ತುರಿಗಳನ್ನು ಕೈಬಿಸಿಯಲ್ಲಿ ಮೆದುಗೊಳಿಸಿ, ಎರಡು ಹಲಗೆಗಳ ನಡುವೆ ಒತ್ತಬೇಕು. ತುರಿಗಳು ಒಂದೇ ದಿಕ್ಕಿಗೆ ಚಪ್ಪಟೆಯಾಗಿ, ನೈಸಿನ ಪಟ್ಟೆಗಳಂತೆ ಬಣ್ಣದ ಎಳೆಗಳು ಮೂಡುತ್ತವೆ.

ಐದನೆಯದು ಹರಳು ಕಟ್ಟುವಿಕೆ. ಬಿಸಿನೀರಿನಲ್ಲಿ ಕರಗುವಷ್ಟು ಪಟಿಕವನ್ನು ಕರಗಿಸಿ ಎರಡು ಪಾಲು ಮಾಡಬೇಕು. ಒಂದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಬೇಕು. ಇನ್ನೊಂದನ್ನು ಬಟ್ಟೆ ಸುತ್ತಿ ನಿಧಾನವಾಗಿ ಆರಲು ಬಿಡಬೇಕು. ಬೇಗ ಆರಿದ್ದರಲ್ಲಿ ಸಣ್ಣ ಹರಳುಗಳೂ ನಿಧಾನವಾಗಿ ಆರಿದ್ದರಲ್ಲಿ ದೊಡ್ಡ ಹರಳುಗಳೂ ಕಾಣುತ್ತವೆ. ಗ್ರಾನೈಟಿನ ಕಣಗಳೇಕೆ ದಪ್ಪ, ಕರಿಗಲ್ಲಿನ ಕಣಗಳೇಕೆ ನುಣುಪು ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಈ ಪ್ರಯೋಗಗಳೆಲ್ಲ ಹೋಲಿಕೆಗಳೇ ಹೊರತು ನಿಜವಾದ ಶಿಲಾಚಕ್ರವಲ್ಲ. ಅದನ್ನೂ ತಿಳಿಸಿ ಹೇಳಬೇಕು. ಪಟಿಕ ನೀರಿನಲ್ಲಿ ಕರಗಿದ ವಸ್ತು, ಶಿಲಾರಸವಾದರೋ ಸ್ವತಃ ಬೆಂಕಿಯಂತಹ ದ್ರವ. ಮೇಣ ಅಂಗೈ ಬಿಸಿಗೆ ಮಣಿಯುತ್ತದೆ, ಕಲ್ಲು ರೂಪಾಂತರ ಹೊಂದಲು ನೂರಾರು ಡಿಗ್ರಿ ಶಾಖವೂ ಅಪಾರ ಒತ್ತಡವೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತರಗತಿಯ ಒಂದು ಗಂಟೆ ಭೂಮಿಯ ಲೆಕ್ಕದಲ್ಲಿ ಕೋಟಿಗಟ್ಟಲೆ ವರ್ಷ. ಚಕ್ರವೆಂದ ಮಾತ್ರಕ್ಕೆ ಪ್ರತಿಯೊಂದು ಕಲ್ಲೂ ಒಂದೇ ಸರದಿಯಲ್ಲಿ ಸುತ್ತುತ್ತದೆಂದೂ ಅಲ್ಲ. ಅಗ್ನಿಶಿಲೆ ನೇರವಾಗಿ ರೂಪಾಂತರ ಹೊಂದಬಹುದು. ರೂಪಾಂತರ ಶಿಲೆ ಸವೆದು ಮರಳಾಗಬಹುದು. ಪದರು ಶಿಲೆಯೇ ಮತ್ತೆ ಸವೆದು ಇನ್ನೊಂದು ಪದರು ಶಿಲೆಗೆ ಒದಗಬಹುದು.

ಹೋಲಿಕೆಯಿಂದ ನಿಜಕ್ಕೆ ಹೋಗಲು ಮತ್ತೆ ಈ ಜಿಲ್ಲೆಯ ನೆಲವನ್ನೇ ನೋಡಬೇಕು. ಭೀಮಾ ಶಿಲಾಸಮೂಹವೆಂದು ಹೆಸರಾದ ಇಲ್ಲಿಯ ಪದರು ಶಿಲೆಗಳನ್ನು ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಅವು ಗ್ರಾನೈಟಿನ ಸವೆದ ಮೈಯ ಮೇಲೆ ಕುಳಿತಿವೆ. ಅವುಗಳ ತೀರ ಕೆಳಗಿನ ಪದರ ಉರುಟುಗಲ್ಲುಗಳೂ ದಪ್ಪ ಮರಳೂ ಬೆಸೆದುಕೊಂಡ ಶಿಲೆ. ಅದರಲ್ಲಿ ಗ್ರಾನೈಟಿನದೇ ಆದ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಕಣಗಳಿವೆ. ಮೇಲಕ್ಕೆ ಹೋದಂತೆ ಮರಳುಗಲ್ಲು, ಜೇಡಿಗಲ್ಲು, ಸುಣ್ಣದ ಕಲ್ಲು ಬರುತ್ತವೆ. ಡಬ್ಬಿಯಲ್ಲಿ ಕಂಡ ಸವೆತವೂ ಸೀಸೆಯಲ್ಲಿ ಕಂಡ ಪದರವೂ ಇಲ್ಲಿ ನಿಜವಾಗಿವೆ. ಆಳದಲ್ಲಿ ಹುಟ್ಟಿದ ಗ್ರಾನೈಟು ಮೇಲೆ ಬಂದು, ಸವೆದು, ಅದರ ಪುಡಿಯೇ ಹೊಸ ಶಿಲೆಯಾಗುವಷ್ಟು ಕಾಲ ಆ ಎರಡರ ನಡುವೆ ಸರಿದುಹೋಗಿದೆ. ಇಂತಹದೇ ಒಂದು ಸಂಧಿಯನ್ನು ಹಟನ್ 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲ ತೀರದಲ್ಲಿ ಕಂಡು ತನ್ನ ವಾದಕ್ಕೆ ಸಾಕ್ಷಿಯಾಗಿ ಪಡೆದನು.

ಈ ಕಲ್ಲುಗಳೊಡನೆ ಮನುಷ್ಯನ ನಂಟೂ ಹಳೆಯದು. ಹುಣಸಗಿಯ ಸಮೀಪದ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಆದಿಮಾನವರು ಸುಣ್ಣದ ಕಲ್ಲಿನ ಚಪ್ಪಡಿಗಳಿಂದ ಆಯುಧ ಮಾಡುತ್ತಿದ್ದ ತಾಣ ಬೆಳಕಿಗೆ ಬಂದಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು ಮಾಡಲಾಗಿದೆ. ಮನುಷ್ಯನ ಎಣಿಕೆಯಲ್ಲಿ ಅದು ಅತಿ ಪ್ರಾಚೀನ. ಆ ಚಪ್ಪಡಿಯ ಎಣಿಕೆಯಲ್ಲಿ ನಿನ್ನೆಯ ಮಾತು.

ಶಿಲಾಚಕ್ರ ಎಂದೂ ನಿಲ್ಲುವುದಿಲ್ಲ ಎಂಬುದು ನೆಮ್ಮದಿಯ ಸಂಗತಿ. ಆದರೆ ಅದು ಮನುಷ್ಯನಿಗಾಗಿ ಅವಸರಪಡುವುದೂ ಇಲ್ಲ. ಒಂದು ಮಳೆಗಾಲದಲ್ಲಿ ಬದುವಿಲ್ಲದ ಹೊಲದಿಂದ ಕೊಚ್ಚಿಹೋದ ಮಣ್ಣು ಭೀಮೆಯನ್ನೋ ಕೃಷ್ಣೆಯನ್ನೋ ಸೇರಿ, ಜಲಾಶಯದ ಹೂಳಾಗಿ, ಇಲ್ಲವೆ ಬಂಗಾಳಕೊಲ್ಲಿಯ ತಳದ ಪದರವಾಗಿ ಕುಳಿತುಕೊಳ್ಳುತ್ತದೆ. ಅದು ಮತ್ತೆ ಕಲ್ಲಾಗುವುದು ದಿಟ, ಎಂದಾದರೊಮ್ಮೆ ನೆಲವಾಗುವುದೂ ದಿಟ. ಆದರೆ ಆ ಹೊಲವನ್ನು ಉತ್ತವನಿಗಾಗಲಿ ಅವನ ನೂರನೆಯ ತಲೆಮಾರಿಗಾಗಲಿ ಅದು ದೊರೆಯಲಾರದು. ಒಂದು ಸೀಸೆ ನೀರಿನಲ್ಲಿ ಮಣ್ಣು ತಂಗುವುದನ್ನು ತಾಳ್ಮೆಯಿಂದ ನೋಡಿದ ವಿದ್ಯಾರ್ಥಿಗೆ, ಹೊಲಕ್ಕೆ ಬದು ಹಾಕುವ ರೈತನ ದುಡಿಮೆ ಎಷ್ಟು ದೊಡ್ಡದೆಂಬುದು ಬೇರೆ ಹೇಳದೆಯೇ ತಿಳಿಯುತ್ತದೆ.