ಚೀನಾದಲ್ಲಿ ಲೆಕ್ಕದ ಪಂದ್ಯವೂ ಮಿಡ್ಲ್‌ಸ್ಕೂಲಿನ ಪ್ರವೇಶವೂ

ಒಂದು ಪಂಜರದಲ್ಲಿ ಕೆಲವು ಕೋಳಿಗಳೂ ಕೆಲವು ಮೊಲಗಳೂ ಇವೆ. ತಲೆಗಳನ್ನು ಎಣಿಸಿದರೆ 35. ಕಾಲುಗಳನ್ನು ಎಣಿಸಿದರೆ 94. ಹಾಗಾದರೆ ಕೋಳಿಗಳೆಷ್ಟು, ಮೊಲಗಳೆಷ್ಟು? ಬೀಜಗಣಿತವನ್ನು ಬಲ್ಲ ವಾಚಕರು ಒಡನೆಯೇ ಎರಡು ಸಮೀಕರಣಗಳನ್ನು ಬರೆದು ಉತ್ತರವನ್ನು ತೆಗೆದಾರು. ಆದರೆ ಹತ್ತು ವರ್ಷದ ಹುಡುಗನಿಗೆ ಬೀಜಗಣಿತ ಎಲ್ಲಿಂದ ಬರಬೇಕು? ಅವನು ಹೀಗೆ ಯೋಚಿಸುತ್ತಾನೆ: ಪಂಜರದ ಪ್ರಾಣಿಗಳೆಲ್ಲ ತಲಾ ಎರಡು ಕಾಲುಗಳನ್ನು ಮಾತ್ರ ನೆಲಕ್ಕೆ ಊರಿ ನಿಂತುವೆಂದು ಭಾವಿಸೋಣ. ಆಗ ನೆಲದ ಮೇಲಿರುವ ಕಾಲುಗಳು 70. ಮೇಲೆತ್ತಿದ ಕಾಲುಗಳು 24. ಕೋಳಿಗೆ ಎತ್ತಲು ಮೂರನೆಯ ಕಾಲೇ ಇಲ್ಲ. ಆದುದರಿಂದ ಎತ್ತಿದ ಕಾಲುಗಳೆಲ್ಲ ಮೊಲಗಳವೇ ಸರಿ. ಒಂದೊಂದು ಮೊಲದ್ದು ಎರಡೆರಡು. ಮೊಲಗಳು 12, ಉಳಿದ 23 ಕೋಳಿಗಳು.

ಈ ಲೆಕ್ಕ ಹೊಸದಲ್ಲ. ಚೀನೀಯರ ಪ್ರಾಚೀನ ಗಣಿತಗ್ರಂಥವಾದ ಸುನ್‌ತ್ಸಿಯ ಗಣಿತದಲ್ಲಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ, ಇದು ಬಂದಿದೆ. (ಮೂಲದಲ್ಲಿರುವುದು ಸಾಕಿದ ಕೋಳಿಯಲ್ಲ, ಕಾಡುಕೋಳಿಯ ಜಾತಿಯ ಒಂದು ಹಕ್ಕಿ.) ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅಜ್ಜನು ಮೊಮ್ಮಕ್ಕಳಿಗೆ ಹಾಕತಕ್ಕ ಒಗಟಿನಂಥದು. ಇಂಥ ವಿನೋದದ ಲೆಕ್ಕಗಳೇ ಚೀನಾದ ಪಟ್ಟಣಗಳಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಮಕ್ಕಳು ಯಾವ ಶಾಲೆಯ ಬಾಗಿಲನ್ನು ಹೊಗಬೇಕೆಂಬುದನ್ನು ನಿರ್ಣಯಿಸಿದುವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಮಕ್ಕಳ ವಿದ್ಯೆಯ ಚಿಂತೆ ಯಾವ ದೇಶದ ಗೃಹಸ್ಥನನ್ನೂ ಬಿಟ್ಟದ್ದಲ್ಲವಾದುದರಿಂದ ಆ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಕಥೆಯ ಆರಂಭದಲ್ಲಿ ಒಬ್ಬ ಮಹನೀಯನಿದ್ದಾನೆ. ಹುವಾ ಲುವೊಗೆಂಗ್ ಎಂಬಾತನು 1910ರಲ್ಲಿ ಜಿಯಾಂಗ್‌ಸು ಪ್ರಾಂತದ ಜಿನ್‌ಟಾನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆಯದು ಒಂದು ಸಣ್ಣ ಅಂಗಡಿ. ಹುಡುಗನು ಊರಿನ ಮಿಡ್ಲ್‌ಸ್ಕೂಲನ್ನು ಮುಗಿಸಿ ಷಾಂಘಾಯಿಯ ಒಂದು ವೃತ್ತಿಶಾಲೆಗೆ ಸೇರಿದನಾದರೂ, ಅಲ್ಲಿಯ ಖರ್ಚನ್ನು ತೂಗಿಸಲಾರದೆ ನಡುವೆಯೇ ಬಿಟ್ಟು ಬಂದು ತಂದೆಯ ಅಂಗಡಿಯಲ್ಲಿ ಕುಳಿತನು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೈಗೆ ಸಿಕ್ಕಿದ್ದ ಕೆಲವೇ ಗಣಿತಪುಸ್ತಕಗಳನ್ನು ಓದುವುದು ಅವನ ಅಭ್ಯಾಸ. ಇದರ ಮೇಲೆ ವಿಷಮಶೀತಜ್ವರ ಬಂದು ಬಹುಕಾಲ ಮಲಗಿಸಿತು; ಜೀವ ಉಳಿದರೂ ಎಡಗಾಲು ಊನವಾಯಿತು. 1930ರಲ್ಲಿ, ಅಚ್ಚಾಗಿದ್ದ ಒಂದು ಗಣಿತಲೇಖನದಲ್ಲಿ ತಪ್ಪಿದೆಯೆಂದು ತೋರಿಸಿ ಅವನು ಬರೆದ ಲೇಖನವು ಷಾಂಘಾಯಿಯ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಶಿಯೊಂಗ್ ಚಿಂಗ್‌ಲಾಯ್ ಅವರು ಅದನ್ನು ಕಂಡು, ಬರೆದವನಾರೆಂದು ವಿಚಾರಿಸಿ, ಅಂಗಡಿಯ ಹುಡುಗನೆಂದು ತಿಳಿದಾಗಲೂ ಹಿಂಜರಿಯದೆ ತಮ್ಮಲ್ಲಿಗೆ ಕರೆಸಿಕೊಂಡರು. ಅಲ್ಲಿ ಗುಮಾಸ್ತೆಯಾಗಿ ಸೇರಿದವನು ಕೆಲವೇ ವರ್ಷಗಳಲ್ಲಿ ಉಪಾಧ್ಯಾಯನಾಗಿ, 1936ರಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಲೋಕವೆಲ್ಲ ಅರಿತ ಗಣಿತಜ್ಞನಾದನು. ಕೇಂಬ್ರಿಜ್ಜಿನಲ್ಲಿಯೂ ಪದವಿಯನ್ನು ಪಡೆಯುವ ಗೋಜಿಗೆ ಹೋಗಲಿಲ್ಲ.

ತನ್ನಂತೆಯೇ ಮೂಲೆಯಲ್ಲಿ ಬಿದ್ದಿರಬಹುದಾದ ಬುದ್ಧಿವಂತ ಮಕ್ಕಳನ್ನು ಹುಡುಕಿ ತೆಗೆಯಬೇಕೆಂಬ ಹಂಬಲ ಇಂಥವನಿಗೆ ಹುಟ್ಟಿದುದು ಸಹಜ. 1956ರಲ್ಲಿ ಬೀಜಿಂಗ್, ಷಾಂಘಾಯಿ ಮೊದಲಾದ ನಗರಗಳಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿ ಗಣಿತದ ಪಂದ್ಯಗಳು ನಡೆದುವು. ಅವುಗಳ ಹಿಂದೆ ನಿಂತವರಲ್ಲಿ ಹುವಾ ಮುಖ್ಯನು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅವು ನಿಂತುಹೋಗಿ, 1978ರಲ್ಲಿ ಮತ್ತೆ ಮೊದಲಾದುವು. 1985ರ ಜೂನ್ ತಿಂಗಳಲ್ಲಿ ಟೋಕಿಯೋ ನಗರದಲ್ಲಿ ಉಪನ್ಯಾಸವನ್ನು ಮಾಡಿ ಮುಗಿಸಿದ ಒಡನೆಯೇ ಹೃದಯಾಘಾತದಿಂದ ಹುವಾ ತೀರಿಕೊಂಡನು. ಮರುವರ್ಷ ಅವನ ಸ್ಮರಣಾರ್ಥವಾಗಿ, ಪ್ರೈಮರಿ ಮತ್ತು ಮಿಡ್ಲ್‌ಸ್ಕೂಲಿನ ಮಕ್ಕಳಿಗೆಂದು, ಅವನ ಹೆಸರಿನ ಒಂದು ಬಟ್ಟಲಿನ ಪಂದ್ಯವು ಏರ್ಪಾಟಾಯಿತು.

ಅದೇ 1986ರಲ್ಲಿ ಚೀನಾ ಸರ್ಕಾರವು ಒಂಬತ್ತು ವರ್ಷಗಳ ಕಡ್ಡಾಯ ವಿದ್ಯಾಭ್ಯಾಸದ ಶಾಸನವನ್ನೂ ಮಾಡಿತು. ಮಕ್ಕಳು ತಮ್ಮ ಮನೆಗೆ ಸಮೀಪದ ಶಾಲೆಗೆ ಸೇರಬೇಕೆಂಬುದು ಅದರ ಆಶಯ. ಪ್ರೈಮರಿ ಮುಗಿಸಿದವರಿಗೆ ಮಿಡ್ಲ್‌ಸ್ಕೂಲಿನ ಪ್ರವೇಶ ಪರೀಕ್ಷೆಯು ಊರಿಂದೂರಿಗೆ ಕ್ರಮವಾಗಿ ರದ್ದಾಗುತ್ತ ಬಂದಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಶಾಲೆಗಳೆಲ್ಲ ಒಂದೇ ಸಮನಾಗಿರಲಿಲ್ಲ. ಕೆಲವನ್ನು ಮುಖ್ಯ ಶಾಲೆಗಳೆಂದು ಆರಿಸಿ, ಒಳ್ಳೆಯ ಉಪಾಧ್ಯಾಯರನ್ನೂ ಹೆಚ್ಚಿನ ಹಣವನ್ನೂ ಅವಕ್ಕೇ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ಮಗನು ಅಲ್ಲಿಗೆ ಸೇರಿದರೆ ಮುಂದೆ ವಿಶ್ವವಿದ್ಯಾನಿಲಯದ ದಾರಿ ಸುಗಮ, ಇಲ್ಲವಾದರೆ ದುರ್ಗಮ. ಇದನ್ನರಿತ ತಾಯಿತಂದೆಗಳು ಸಮೀಪದ ಶಾಲೆಯೇ ಸಾಕೆಂದು ಸುಮ್ಮನಿದ್ದಾರೆಯೆ?

ಮುಖ್ಯ ಶಾಲೆಯವರಿಗೂ ಬುದ್ಧಿವಂತ ಮಕ್ಕಳೇ ಬೇಕು. ಆದರೆ ಬಹಿರಂಗವಾಗಿ ಪರೀಕ್ಷೆ ನಡೆಸುವಂತಿಲ್ಲ. ಆಗ ಅವರ ಕಣ್ಣು ಪಂದ್ಯದ ಪ್ರಶಸ್ತಿಪತ್ರದ ಮೇಲೆ ಬಿದ್ದಿತು. ಹುವಾ ಬಟ್ಟಲಿನಲ್ಲಿ ಬಹುಮಾನ ಪಡೆದ ಮಗುವೆಂದರೆ ಬೇರೆ ಪರೀಕ್ಷೆಯೇತಕ್ಕೆ? ಈ ಸುದ್ದಿ ಹಬ್ಬಿದ್ದೇ ತಡ, ಮನೆಮನೆಯ ಮಕ್ಕಳೂ ಕೋಳಿಮೊಲಗಳ ಲೆಕ್ಕಕ್ಕೆ ಕುಳಿತರು. ಲೆಕ್ಕದಲ್ಲಿ ಒಲವಿದ್ದವನೂ ಕುಳಿತನು, ಚಿತ್ರ ಬರೆಯುವುದರಲ್ಲಿ ಒಲವಿದ್ದವಳೂ ಕುಳಿತಳು. ಶನಿವಾರ ಭಾನುವಾರಗಳು ಪಾಠಕ್ಕೇ ಮೀಸಲಾದುವು. ಬೀಜಿಂಗಿನಲ್ಲಿ ಕೆಲವು ತರಗತಿಗಳಿಗೆ ‘ಗುಂಡಿ ಹಿಡಿಯುವ ತರಗತಿ’ ಎಂದೇ ಹೆಸರಾಯಿತು. ಮುಖ್ಯ ಶಾಲೆಗೆ ಸಂಬಂಧಪಟ್ಟ ಈ ಮನೆಪಾಠದಲ್ಲಿ ಮೂರನೆಯ ನಾಲ್ಕನೆಯ ತರಗತಿಯಿಂದಲೇ ಮಗುವನ್ನು ಕೂರಿಸಿ, ಮುಂದೆ ಸಿಗಬಹುದಾದ ಒಂದು ಸ್ಥಳವನ್ನು ವರ್ಷಗಟ್ಟಲೆ ಕಾದಿರಿಸುವುದು. ಸಿಕ್ಕೀತೆಂಬ ಭರವಸೆ ಮಾತ್ರ ಯಾರದೂ ಇಲ್ಲ. ರೈಲಿನಲ್ಲಿ ಟವಲು ಹಾಸಿ ಜಾಗ ಹಿಡಿಯುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾದುದಿಲ್ಲ. 2003ರಲ್ಲಿ ಬೀಜಿಂಗಿನಲ್ಲಿ ಈ ಬಗೆಯ ಲೆಕ್ಕದ ಪಾಠದಿಂದಲೇ ಆರಂಭವಾದ ಒಂದು ಸಂಸ್ಥೆಯ ಷೇರುಗಳು 2010ರ ವೇಳೆಗೆ ನ್ಯೂಯಾರ್ಕಿನ ಪೇಟೆಯಲ್ಲಿ ಮಾರಾಟಕ್ಕೆ ಬಂದುವೆಂದರೆ, ತಾಯಿತಂದೆಗಳ ಭಯಕ್ಕೆ ಎಷ್ಟು ಬೆಲೆಯಿತ್ತೆಂಬುದು ತಿಳಿಯುತ್ತದೆ.

ಸರ್ಕಾರದವರು ಕಣ್ಣು ಮುಚ್ಚಿ ಕುಳಿತಿರಲಿಲ್ಲ. 2006ರಲ್ಲಿ ಶಾಸನವನ್ನು ತಿದ್ದಿ, ಪರೀಕ್ಷೆಯಿಲ್ಲದೆಯೇ ಪ್ರವೇಶವೆಂದು ಸ್ಪಷ್ಟವಾಗಿ ಬರೆದು, ಮುಖ್ಯ ಶಾಲೆ ಸಾಮಾನ್ಯ ಶಾಲೆ ಎಂಬ ಭೇದವನ್ನೂ ನಿಷೇಧಿಸಿದರು. ಹೆಸರು ಹೋಯಿತು, ಶಾಲೆಯ ಕೀರ್ತಿ ಹೋಗಲಿಲ್ಲ. 2018ರಲ್ಲಿ ಪಂದ್ಯದ ಫಲಿತಾಂಶಕ್ಕೂ ಶಾಲಾ ಪ್ರವೇಶಕ್ಕೂ ಯಾವ ಸಂಬಂಧವೂ ಇರಕೂಡದೆಂದು ಕಟ್ಟುನಿಟ್ಟಾದ ಅಪ್ಪಣೆಯಾಯಿತು. 2020ರಿಂದ, ಅರ್ಜಿಗಳು ಸ್ಥಳಗಳಿಗಿಂತ ಹೆಚ್ಚಾದ ಖಾಸಗಿ ಶಾಲೆಗಳಲ್ಲಿ ಕಂಪ್ಯೂಟರಿನ ಮೂಲಕ ಚೀಟಿ ಎತ್ತಿ ಮಕ್ಕಳನ್ನು ಆರಿಸುವುದು ಮೊದಲಾಯಿತು. 2021ರ ಜುಲೈ ತಿಂಗಳಲ್ಲಿ, ಕಡ್ಡಾಯ ವಿದ್ಯಾಭ್ಯಾಸದ ವಯಸ್ಸಿನ ಮಕ್ಕಳಿಗೆ ಲಾಭಕ್ಕಾಗಿ ಶಾಲಾವಿಷಯಗಳ ಪಾಠ ಹೇಳುವ ವ್ಯಾಪಾರವನ್ನೇ ನಿಲ್ಲಿಸಿದರು; ವಾರದ ಕೊನೆಯ ದಿನಗಳಲ್ಲಿಯೂ ರಜೆಗಳಲ್ಲಿಯೂ ಅಂಥ ಪಾಠ ಕೂಡದೆಂದರು.

ಮಕ್ಕಳಿಗೆ ಭಾನುವಾರ ಮರಳಿ ದೊರೆತದ್ದು ನಮಗೂ ಸಂತೋಷವೇ. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಸಂದೇಹ ಉಳಿದಿದೆ. ಪಂದ್ಯಕ್ಕೆ ಹಣವಂತರ ಮಕ್ಕಳು ಹೆಚ್ಚು ಸಿದ್ಧರಾಗಿ ಬರುತ್ತಿದ್ದರು, ನಿಜ. ಆದರೂ ಪ್ರಶ್ನೆಪತ್ರಿಕೆಗೆ ತಂದೆಯ ಹೆಸರು ತಿಳಿಯದು. ಅಂಗಡಿಯವನ ಮಗನೊಬ್ಬನು ಎಲ್ಲಿಯೋ ಅಪರೂಪಕ್ಕೆ ಒಳಗೆ ನುಸುಳುತ್ತಿದ್ದನು. ಆ ಕಿಂಡಿಯನ್ನು ಮುಚ್ಚಿದ ಮೇಲೆ ಉಳಿದುದೇನು? ಮನೆಯ ವಿಳಾಸ. ಸಮೀಪದ ಶಾಲೆಗೇ ಸೇರಬೇಕೆಂದ ಮೇಲೆ ಒಳ್ಳೆಯ ಶಾಲೆಯ ಸಮೀಪದ ಮನೆಯನ್ನು ಕೊಂಡವನೇ ಗೆದ್ದಂತಾಯಿತು. ಬೀಜಿಂಗಿನಲ್ಲಿಯೂ ಷಾಂಘಾಯಿಯಲ್ಲಿಯೂ ಹಳೆಯ ಕಟ್ಟಡಗಳ ಕಿರಿದಾದ ಕೋಣೆಗಳು, ವಾಸಕ್ಕೆ ಅನುಕೂಲವಿಲ್ಲದಿದ್ದರೂ, ಶಾಲೆಯ ಎಲ್ಲೆಯೊಳಗಿವೆಯೆಂಬ ಒಂದೇ ಕಾರಣದಿಂದ ವಿಪರೀತ ಬೆಲೆಗೆ ಮಾರಾಟವಾದುವು. ಚೀಟಿ ಎತ್ತುವುದರಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲವೆಂಬುದನ್ನು ಒಪ್ಪುತ್ತೇವೆ. ಆದರೆ ರಾತ್ರಿಯೆಲ್ಲ ದೀಪದ ಮುಂದೆ ಕುಳಿತ ಹುಡುಗಿಗೆ ಚೀಟಿಯ ಫಲವನ್ನು ಯಾವ ಮುಖದಿಂದ ವಿವರಿಸುವುದು?

ಮನೆಯ ಬೆಲೆಯ ಹುಚ್ಚನ್ನು ತಗ್ಗಿಸಲೂ ಯತ್ನ ನಡೆದಿದೆ. ಬೀಜಿಂಗಿನಲ್ಲಿ ಹೆಸರಾಂತ ಶಾಲೆಗಳು ಹೆಚ್ಚಾಗಿರುವ ಶೀಚೆಂಗ್ ಭಾಗದಲ್ಲಿ, 2020ರ ಜುಲೈ 31ರ ತರುವಾಯ ಮನೆಯ ಹಕ್ಕುಪತ್ರವನ್ನು ಪಡೆದವರ ಮಕ್ಕಳಿಗೆ ಇಂಥದೇ ಶಾಲೆಯೆಂಬ ನಿಯಮವಿಲ್ಲ. ಸುತ್ತಲಿನ ಹಲವು ಶಾಲೆಗಳಲ್ಲಿ ಯಾವುದಾದರೊಂದು ದೊರೆಯಬಹುದು. ಸಾಲ ಮಾಡಿ ಮನೆಯನ್ನು ಕೊಂಡ ಗೃಹಸ್ಥನು, ಕಿಟಕಿಯಿಂದ ಕಾಣುವ ಶಾಲೆಯ ಅಂಗಳವನ್ನು ನೋಡುತ್ತ, ಮಗನ ಹೆಸರು ಯಾವ ಶಾಲೆಯ ಪಟ್ಟಿಯಲ್ಲಿ ಬಂದೀತೋ ಎಂದು ಕಾಯಬೇಕು.