ಕಡಲು ಕೊರೆದು ತೋರಿದ ಕಥೆ

ಕಡಲು ದಡವನ್ನು ಕೊರೆಯತೊಡಗಿತೆಂದರೆ ತೀರವಾಸಿಗಳ ಎದೆ ನಡುಗುತ್ತದೆ. ಇಂದು ದಾರಿ ಹೋಗುತ್ತದೆ, ನಾಳೆ ಹಿತ್ತಿಲು ಹೋಗುತ್ತದೆ, ನಾಡಿದ್ದು ಮನೆಯೇ ಹೋಗುತ್ತದೆ. ತಡೆಗೋಡೆ ಕಟ್ಟಿ ಅದನ್ನು ನಿಲ್ಲಿಸಬೇಕೆಂಬುದು ಎಲ್ಲೆಡೆಯೂ ಕೇಳಿಬರುವ ಮೊರೆ. ಆದರೆ ಇಂಗ್ಲೆಂಡಿನ ದಕ್ಷಿಣದಲ್ಲಿ ಒಂದು ತೀರವುಂಟು. ಅಲ್ಲಿ ಕಡಲಿನ ಕೊರೆತ ನಿಂತರೆ ಆ ತೀರದ ಹಿರಿಮೆಯೂ ನಿಂತುಹೋದಂತೆಯೇ ಸರಿ. ಅಲ್ಲಿ ಬಂಡೆ ಕುಸಿದಾಗಲೆಲ್ಲ ಕೋಟ್ಯಂತರ ವರ್ಷಗಳ ಹಿಂದಿನ ಯಾವುದೋ ಜೀವಿ ಮತ್ತೊಮ್ಮೆ ಬೆಳಕು ಕಾಣುತ್ತದೆ.

ಡೆವನ್ ಪ್ರಾಂತದ ಎಕ್ಸ್‌ಮತ್ ಪಟ್ಟಣದ ಬಳಿಯ ಆರ್ಕಂ ಪಾಯಿಂಟ್‌ನಿಂದ ಡಾರ್ಸೆಟ್ ಪ್ರಾಂತದ ಸ್ವಾನೇಜ್ ಸಮೀಪದ ಓಲ್ಡ್ ಹ್ಯಾರಿ ಬಂಡೆಗಳವರೆಗೆ ಸುಮಾರು 95 ಮೈಲಿ ಹಬ್ಬಿರುವ ಈ ದಂಡೆಗೆ ‘ಜುರಾಸಿಕ್ ತೀರ’ ಎಂದು ಹೆಸರು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಸಾಲುಗಟ್ಟಿ ನಿಂತಿರುವ ಬಂಡೆಗೋಡೆಗಳು ಭೂಮಿಯ ಚರಿತ್ರೆಯ 18 ಕೋಟಿ 50 ಲಕ್ಷ ವರ್ಷಗಳನ್ನು ತಮ್ಮ ಪದರಗಳಲ್ಲಿ ಹಿಡಿದಿಟ್ಟುಕೊಂಡಿವೆ.

ಮೂರು ಬಣ್ಣದ ಹಾದಿ

ಈ ತೀರದ ಶಿಲಾಪದರಗಳು ಒಟ್ಟಾರೆ ಪೂರ್ವದ ಕಡೆಗೆ ಮೆಲ್ಲಗೆ ಬಾಗಿವೆ. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ ನಡೆಯುವವನು ಹಳೆಯ ಕಾಲದಿಂದ ಹೊಸ ಕಾಲಕ್ಕೆ ನಡೆದು ಬಂದಂತಾಗುತ್ತದೆ. ಮೊದಲು ಕಾಣುವುದು ಕೆಂಪು. ಟ್ರಯಾಸಿಕ್ ಯುಗದಲ್ಲಿ ಈ ನೆಲವೆಲ್ಲ ಬಿಸಿಲು ಸುಡುವ ಮರುಭೂಮಿಯಾಗಿತ್ತು. ಲ್ಯಾಡ್ರಂ ಕೊಲ್ಲಿಯಲ್ಲಿ ನೀರಿನಿಂದ ಮೇಲೆದ್ದು ನಿಂತಿರುವ ಕೆಂಪು ಮರಳುಕಲ್ಲಿನ ಕಂಬಗಳು ಆ ಕಾಲದವು. ಅಲ್ಲಿಂದ ಮುಂದೆ ಜುರಾಸಿಕ್ ಯುಗದ ಕಪ್ಪು ಬೂದು ಜೇಡಿಪದರಗಳೂ ಹೊಂಬಣ್ಣದ ಮರಳುಕಲ್ಲೂ ಬರುತ್ತವೆ. ಆಗ ಮರುಭೂಮಿಯನ್ನು ಬೆಚ್ಚನೆಯ ಕಡಲು ಆವರಿಸಿತ್ತು. ಕೊನೆಗೆ ಕ್ರಿಟೇಶಿಯಸ್ ಯುಗದ ಸೀಮೆಸುಣ್ಣದ ಬಂಡೆಗಳು ಹಾಲಿನಂತೆ ಬೆಳ್ಳಗೆ ಹೊಳೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳ ಚಿಪ್ಪು ತಳದಲ್ಲಿ ಸಂಚಯವಾಗಿ ಈ ಬಿಳಿಯ ಬಂಡೆಯಾಯಿತೆಂದರೆ ಅದಕ್ಕೆ ಎಷ್ಟು ಕಾಲ ಹಿಡಿದಿರಬೇಕು!

ಹೊಲವೇ ಜಾರಿದ ರಾತ್ರಿ

ಕೆಂಪು ಬಂಡೆಗಳನ್ನು ದಾಟಿ ಲೈಮ್ ರೀಜಿಸ್ ಪಟ್ಟಣದತ್ತ ಸಾಗುವಾಗ ದಟ್ಟವಾದ ಕಾಡೊಂದು ಎದುರಾಗುತ್ತದೆ. ಇದು ಯಾರೂ ನೆಟ್ಟು ಬೆಳೆಸಿದ ಕಾಡಲ್ಲ. 1839ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ರಾತ್ರಿ, ಬಿಂಡನ್ ಎಂಬಲ್ಲಿ ನೆಲವು ಭಾರಿ ಸದ್ದಿನೊಡನೆ ಬಿರಿಯಿತು. ಬಿತ್ತಿದ್ದ ಹೊಲಗಳ ಒಂದು ದೊಡ್ಡ ತುಂಡು ಹಾಗೆಯೇ ಕಡಲಿನತ್ತ ಜಾರಿ, ನಡುವೆ ಆಳವಾದ ಕಂದರ ಉಂಟಾಯಿತು. ಬೇರೆಯಾಗಿ ನಿಂತ ಆ ತುಂಡಿನ ಮೇಲೆ ಗೋಧಿಯ ಪೈರು ಮಾತ್ರ ಎಂದಿನಂತೆ ಬೆಳೆಯಿತು. ಮರುವರ್ಷ ಆಗಸ್ಟಿನಲ್ಲಿ ಅದನ್ನು ಕೊಯ್ಯುವಾಗ ನೋಡಲೆಂದು ಸಾವಿರಾರು ಜನ ಜಾತ್ರೆಗೆ ನೆರೆದಂತೆ ನೆರೆದರು.

ಆ ಸಮಯಕ್ಕೆ ಭೂವಿಜ್ಞಾನಿಗಳಾದ ವಿಲಿಯಂ ಬಕ್‌ಲಂಡ್ ಮತ್ತು ವಿಲಿಯಂ ಕಾನಿಬೇರ್ ಹತ್ತಿರದಲ್ಲೇ ಇದ್ದುದು ಒಂದು ಸುಯೋಗ. ಅವರು ಸ್ಥಳವನ್ನು ಪರೀಕ್ಷಿಸಿ ಕಾರಣವನ್ನು ಬರೆದಿಟ್ಟರು. ಆ ಕಾರಣ ಸರಳವಾದುದು. ಮೇಲಿನ ಮರಳುಕಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿಪದರವು ಅದನ್ನು ಒಳಕ್ಕೆ ಬಿಡುವುದಿಲ್ಲ. ಎರಡರ ನಡುವೆ ನೀರು ತುಂಬಿದಾಗ ಮೇಲಿನ ಭಾರವೆಲ್ಲ ನುಣುಪಾದ ಜಾರುಬಂಡೆಯ ಮೇಲಿಟ್ಟಂತಾಗುತ್ತದೆ. ಅಡಿಯಲ್ಲಿ ಅಲೆಯು ಬುಡವನ್ನು ಕಡಿಯುತ್ತಲೇ ಇರುತ್ತದೆ. ಮಳೆಗಾಲ ಬಲವಾದಾಗ ಬೆಟ್ಟವೇ ಜಾರುತ್ತದೆ. 1955ರಲ್ಲಿ ಈ ಪ್ರದೇಶವನ್ನು ಪ್ರಕೃತಿಯ ಮೀಸಲು ನೆಲವೆಂದು ಘೋಷಿಸಲಾಯಿತು.

ಬಡಗಿಯ ಮಗಳು

ಹೀಗೆ ಜಾರುವ ಬೆಟ್ಟಗಳ ನಡುವೆ ಇರುವ ಪುಟ್ಟ ಪಟ್ಟಣವೇ ಲೈಮ್ ರೀಜಿಸ್. ಜೇನ್ ಆಸ್ಟೆನ್ ತನ್ನ ಕಾದಂಬರಿಯೊಂದರಲ್ಲಿ ಈ ಊರಿನ ಹಳೆಯ ಕಲ್ಲುಕಟ್ಟೆಯನ್ನು ಅಜರಾಮರಗೊಳಿಸಿದ್ದಾಳೆ. ಆದರೆ ಊರಿಗೆ ನಿಜವಾದ ಕೀರ್ತಿಯನ್ನು ತಂದವಳು ಕಾದಂಬರಿಯ ನಾಯಕಿಯಲ್ಲ. ಬಡ ಬಡಗಿಯೊಬ್ಬನ ಮಗಳು.

ಮೇರಿ ಆನಿಂಗ್ ಹುಟ್ಟಿದ್ದು 1799ರ ಮೇ 21ರಂದು. ಹದಿನೈದು ತಿಂಗಳ ಕೂಸಾಗಿದ್ದಾಗ ಮರದಡಿಯಲ್ಲಿ ಅವಳನ್ನೆತ್ತಿಕೊಂಡು ನಿಂತಿದ್ದ ಹೆಂಗಸಿಗೂ ಪಕ್ಕದ ಇಬ್ಬರಿಗೂ ಸಿಡಿಲು ಬಡಿದು ಮೂವರೂ ಸತ್ತರು. ಮಗು ಮಾತ್ರ ಬದುಕಿತು. ತಂದೆಯು ಬಿಡುವಿದ್ದಾಗ ದಂಡೆಯಲ್ಲಿ ವಿಚಿತ್ರ ಕಲ್ಲುಗಳನ್ನು ಹೆಕ್ಕಿ ಪ್ರವಾಸಿಗಳಿಗೆ ಮಾರುತ್ತಿದ್ದ. 1810ರಲ್ಲಿ ಅವನು ಸಾಲವನ್ನು ಬಿಟ್ಟು ತೀರಿಕೊಂಡ. ಅಂದಿನಿಂದ ಆ ಕಲ್ಲುಗಳೇ ಕುಟುಂಬದ ಅನ್ನವಾದವು.

1811ರಲ್ಲಿ ಅಣ್ಣ ಜೋಸೆಫ್ ಬಂಡೆಯಲ್ಲಿ ಒಂದು ದೊಡ್ಡ ತಲೆಬುರುಡೆಯನ್ನು ಕಂಡ. ಅದರ ಉಳಿದ ದೇಹವನ್ನು ಕೆಲವು ತಿಂಗಳುಗಳ ಅನಂತರ ಮೇರಿ ಪತ್ತೆಮಾಡಿದಳು. ಆಗ ಅವಳಿಗೆ ಸುಮಾರು ಹನ್ನೆರಡು ವರ್ಷ. ಮೊಸಳೆಯೆಂದು ಜನ ಭಾವಿಸಿದ ಆ ಪ್ರಾಣಿ ‘ಇಕ್ತಿಯೋಸಾರ್’ ಎಂಬ ಕಡಲ ಸರೀಸೃಪ; ವಿದ್ವಾಂಸರ ಗಮನವನ್ನು ಸೆಳೆದ ಮೊದಲ ಇಕ್ತಿಯೋಸಾರ್ ಇದೇ. ಅದಕ್ಕೆ ಆ ಮನೆಗೆ ದೊರೆತುದು 23 ಪೌಂಡು. 1823ರಲ್ಲಿ ಮೇರಿ ನೀಳವಾದ ಕತ್ತಿನ ‘ಪ್ಲೀಸಿಯೋಸಾರ್’ನ ಇಡಿಯ ಅಸ್ಥಿಪಂಜರವನ್ನು ಹೊರತೆಗೆದಳು. ಅಷ್ಟುದ್ದದ ಕತ್ತು ಇರಲಾರದು, ಇದು ಕೃತಕವಿರಬೇಕು ಎಂದು ಫ್ರಾನ್ಸಿನ ಮಹಾಪಂಡಿತ ಕ್ಯೂವಿಯೇ ಸಂಶಯಪಟ್ಟ. ಪರೀಕ್ಷೆಯ ಅನಂತರ ಅವನೇ ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. 1828ರಲ್ಲಿ ಸಿಕ್ಕಿದ್ದು ಹಾರುವ ಸರೀಸೃಪ. ಅಲ್ಲಿಯವರೆಗೆ ಅಂಥದು ಜರ್ಮನಿಯನ್ನು ಬಿಟ್ಟು ಬೇರೆಲ್ಲೂ ದೊರೆತಿರಲಿಲ್ಲ.

ಈ ಕೆಲಸ ಎಷ್ಟು ಅಪಾಯದ್ದೆಂಬುದನ್ನು ಊಹಿಸಿಕೊಳ್ಳಬೇಕು. ಬೇಸಗೆಯಲ್ಲಿ ಕಡಲು ಶಾಂತವಾಗಿದ್ದಾಗ ಏನೂ ಸಿಗುವುದಿಲ್ಲ. ಚಳಿಗಾಲದ ಬಿರುಗಾಳಿ ಬಂಡೆಯನ್ನು ಕೆಡಹಿದಾಗಲೇ ಹುಡುಕಬೇಕು. ಮುಂದಿನ ಉಬ್ಬರ ಬಂದು ಕೊಚ್ಚಿಕೊಂಡು ಹೋಗುವುದರೊಳಗೆ ಹೆಕ್ಕಬೇಕು. ಬಂಡೆ ಮತ್ತೆ ಕುಸಿಯುವುದೂ ಅದೇ ಹೊತ್ತಿನಲ್ಲಿ. 1833ರಲ್ಲಿ ಮೇರಿಯ ಕಣ್ಣೆದುರಿಗೇ ಬಂಡೆ ಬಿದ್ದು, ಸದಾ ಜೊತೆಗಿರುತ್ತಿದ್ದ ಅವಳ ನಾಯಿ ಟ್ರೇ ಸತ್ತುಹೋಯಿತು. ಕೂದಲೆಳೆಯಷ್ಟರಲ್ಲಿ ಅವಳು ಉಳಿದಳು. ಮರುದಿನದ ಅನ್ನಕ್ಕಾಗಿ ಮತ್ತೆ ಅದೇ ಬಂಡೆಯ ಬುಡಕ್ಕೇ ಹೋಗಬೇಕಾಗಿತ್ತು.

ಅವಳು ತೆಗೆದುಕೊಟ್ಟ ಮೂಳೆಗಳ ಬಗ್ಗೆ ಪಂಡಿತರು ಲಂಡನ್ನಿನಲ್ಲಿ ಪ್ರಬಂಧಗಳನ್ನು ಓದಿದರು. ಅವಳ ಹೆಸರನ್ನು ಹೇಳಲು ಬಹುಮಂದಿ ಮರೆತರು. ಅಲ್ಲಿನ ಭೂವಿಜ್ಞಾನ ಸಂಘವು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿಯಾದರೋ 1847ರಲ್ಲಿಯೇ, ನಲವತ್ತೇಳನೆಯ ವಯಸ್ಸಿನಲ್ಲಿ, ಸ್ತನದ ಅರ್ಬುದರೋಗದಿಂದ ತೀರಿಕೊಂಡಿದ್ದಳು. ಮೂರು ವರ್ಷಗಳ ಅನಂತರ ಊರಿನ ಇಗರ್ಜಿಯಲ್ಲಿ ಅವಳ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು ಇಡಿಸಲಾಯಿತು. ಶಾಲಾಬಾಲಕಿಯೊಬ್ಬಳು ಆರಂಭಿಸಿದ ಪ್ರಯತ್ನದ ಫಲವಾಗಿ 2022ರ ಮೇ 21ರಂದು ಅವಳ ಪ್ರತಿಮೆಯೂ ಲೈಮ್ ರೀಜಿಸಿನಲ್ಲಿ ನಿಂತಿತು. ಕೈಯಲ್ಲಿ ಸುತ್ತಿಗೆ, ಪಕ್ಕದಲ್ಲಿ ಟ್ರೇ.

ಹಾವುಕಲ್ಲು ಮತ್ತು ಸಾಲಿಗ್ರಾಮ

ಲೈಮ್ ರೀಜಿಸಿನಿಂದ ಪಕ್ಕದ ಚಾರ್ಮತ್‌ವರೆಗಿನ ದಂಡೆಯಲ್ಲಿ ಇಂದಿಗೂ ಸಾಮಾನ್ಯವಾಗಿ ದೊರೆಯುವುದು ಅಮೊನೈಟ್. ಸುರುಳಿ ಸುತ್ತಿದ ಈ ಚಿಪ್ಪಿನ ಜೀವಿಯು ಡೈನೋಸಾರ್‌ಗಳ ಜೊತೆಯಲ್ಲೇ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನಿರ್ವಂಶವಾಯಿತು. ಇಂಗ್ಲೆಂಡಿನ ಹಳ್ಳಿಗರು ಇದನ್ನು ಕಲ್ಲಾದ ಹಾವೆಂದು ನಂಬಿ ‘ಹಾವುಕಲ್ಲು’ ಎಂದು ಕರೆಯುತ್ತಿದ್ದರು.

ಕನ್ನಡಿಗರಿಗೆ ಈ ಸುರುಳಿ ಅಪರಿಚಿತವಲ್ಲ. ನೇಪಾಳದ ಗಂಡಕಿ ನದಿಯಿಂದ ಬಂದು, ಇಲ್ಲಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತುಳಸಿಯೊಡನೆ ಪೂಜೆಗೊಳ್ಳುವ ಸಾಲಿಗ್ರಾಮದೊಳಗಿನ ಚಕ್ರವೂ ಅಮೊನೈಟಿನ ಗುರುತೇ. ವಜ್ರಕೀಟವು ಕೊರೆದ ವಿಷ್ಣುಚಕ್ರವೆಂದು ಭಕ್ತರು ಹೇಳುವುದನ್ನು ವಿಜ್ಞಾನಿಗಳು ಕಡಲಜೀವಿಯ ಚಿಪ್ಪೆನ್ನುತ್ತಾರೆ. ಹಿಮಾಲಯವು ಒಂದು ಕಾಲಕ್ಕೆ ಕಡಲ ತಳವಾಗಿತ್ತೆಂಬುದಕ್ಕೆ ಅದು ಸಾಕ್ಷಿ. ಅಲ್ಲಿ ನದಿಯು ಬಂಡೆಯನ್ನು ಕೊರೆದು ಹೊರತಂದುದನ್ನು ಇಲ್ಲಿ ಕಡಲು ಕೊರೆದು ಹೊರತರುತ್ತದೆ, ವ್ಯತ್ಯಾಸ ಇಷ್ಟೇ.

ಕಲ್ಲಿನ ದಂಡೆ, ಕಲ್ಲಿನ ಬಾಗಿಲು

ಚಾರ್ಮತ್ ದಾಟಿದರೆ 626 ಅಡಿ ಎತ್ತರದ ‘ಗೋಲ್ಡನ್ ಕ್ಯಾಪ್’ ಸಿಗುತ್ತದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಇದಕ್ಕಿಂತ ಎತ್ತರದ ಸ್ಥಳವಿಲ್ಲ. ನೆತ್ತಿಯಲ್ಲಿರುವ ಹೊಂಬಣ್ಣದ ಕಲ್ಲು ಸಂಜೆಯ ಬಿಸಿಲಿಗೆ ನಿಜವಾಗಿಯೂ ಬಂಗಾರದ ಟೋಪಿಯಂತೆ ಕಾಣುತ್ತದೆ. ಅದರಾಚೆಯ ವೆಸ್ಟ್ ಬೇಯಿಂದ ಪೋರ್ಟ್‌ಲಂಡಿನವರೆಗೆ 18 ಮೈಲಿ ಉದ್ದಕ್ಕೆ ಚೆಸಿಲ್ ದಂಡೆ ಚಾಚಿಕೊಂಡಿದೆ. ಅಲ್ಲಿ ಮರಳಿಲ್ಲ, ಬರಿಯ ಉರುಟುಕಲ್ಲು. ಪಶ್ಚಿಮದ ತುದಿಯಲ್ಲಿ ಬಟಾಣಿ ಕಾಳಿನಷ್ಟಿರುವ ಕಲ್ಲು ಪೂರ್ವಕ್ಕೆ ಹೋದಂತೆ ದೊಡ್ಡದಾಗುತ್ತ ಪೋರ್ಟ್‌ಲಂಡಿನಲ್ಲಿ ಮುಷ್ಟಿಯ ಗಾತ್ರಕ್ಕೆ ಬರುತ್ತದೆ. ಕಗ್ಗತ್ತಲೆಯಲ್ಲಿ ದೋಣಿ ದಡ ಸೇರಿದರೂ ಬೆಸ್ತರು ಒಂದು ಹಿಡಿ ಕಲ್ಲನ್ನು ಕೈಗೆತ್ತಿಕೊಂಡು ತಾವೆಲ್ಲಿದ್ದೇವೆಂದು ಹೇಳಬಲ್ಲರೆಂಬ ಮಾತಿದೆ. ದಂಡೆಯ ಹಿಂದಿನ ಹಿನ್ನೀರಿನಲ್ಲಿ, ಅಬಟ್ಸ್‌ಬರಿ ಗ್ರಾಮದ ಬಳಿ, ಶತಮಾನಗಳ ಹಿಂದೆ ಕ್ರೈಸ್ತ ಸನ್ಯಾಸಿಗಳು ಸಾಕತೊಡಗಿದ ಹಂಸಗಳ ಸಂತತಿ ಇಂದಿಗೂ ತೇಲುತ್ತಿದೆ. ಒಳನಾಡಿನ ಹಸಿರು ದಿಣ್ಣೆಗಳೂ ಹಳ್ಳಿಗಳೂ ಥಾಮಸ್ ಹಾರ್ಡಿಯ ಕಾದಂಬರಿಗಳನ್ನು ಓದಿದವರಿಗೆ ಹೊಸವೆನಿಸುವುದಿಲ್ಲ. ಅವನು ಹುಟ್ಟಿ ಬೆಳೆದುದು ಇದೇ ಡಾರ್ಸೆಟಿನಲ್ಲಿ.

ಪೋರ್ಟ್‌ಲಂಡ್ ಸುಣ್ಣಕಲ್ಲಿನ ದ್ವೀಪ. 1666ರ ಮಹಾಗ್ನಿಯ ಅನಂತರ ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರವನ್ನು ಕ್ರಿಸ್ಟಫರ್ ರೆನ್ ಕಟ್ಟಿಸಿದ್ದು ಇಲ್ಲಿಯ ಕಲ್ಲಿನಿಂದಲೇ.

ಇನ್ನೂ ಪೂರ್ವಕ್ಕೆ ಲಲ್‌ವರ್ತ್ ಕೊಲ್ಲಿ. ಆಫ್ರಿಕಾ ಖಂಡವು ಯೂರೋಪನ್ನು ಒತ್ತಿದಾಗ ಇಲ್ಲಿಯ ಪದರಗಳೂ ಮಡಚಿ ನೆಟ್ಟಗೆ ನಿಂತವು. ಕಡಲ ಕಡೆಗೆ ಗಟ್ಟಿ ಸುಣ್ಣಕಲ್ಲಿನ ಗೋಡೆ, ಅದರ ಹಿಂದೆ ಮೆತ್ತನೆಯ ಜೇಡಿಮಣ್ಣು, ಅದರಾಚೆಗೆ ಸೀಮೆಸುಣ್ಣ. ಅಲೆಯು ಗೋಡೆಯಲ್ಲಿ ಒಂದು ಕಿಂಡಿಯನ್ನು ಕೊರೆದು ಒಳನುಗ್ಗಿ, ಜೇಡಿಯನ್ನು ತೊಳೆದು, ಬಟ್ಟಲಿನಂಥ ದುಂಡನೆಯ ಕೊಲ್ಲಿಯನ್ನು ಮಾಡಿತು. ಪಕ್ಕದಲ್ಲೇ ಡರ್ಡಲ್ ಡೋರ್ ಎಂಬ ಕಲ್ಲಿನ ಮಹಾದ್ವಾರ ನೀರಿನಲ್ಲಿ ಕಾಲಿಟ್ಟು ನಿಂತಿದೆ. ಇದೂ ಅದೇ ಸುಣ್ಣಕಲ್ಲಿನ ಗೋಡೆಯ ಉಳಿದ ತುಂಡು. ಅಲೆಯು ಮೊದಲು ಗುಹೆಯನ್ನು ಕೊರೆಯುತ್ತದೆ. ಗುಹೆ ತೂತಾಗಿ ಕಮಾನಾಗುತ್ತದೆ. ಕಮಾನು ಮುರಿದು ಒಂಟಿ ಕಂಬ ಉಳಿಯುತ್ತದೆ. ಕಂಬವೂ ಒಂದು ದಿನ ಬೀಳುತ್ತದೆ. ಈ ಕಥೆಯ ಕೊನೆಯ ಅಂಕವನ್ನು ತೀರದ ಪೂರ್ವ ತುದಿಯ ಓಲ್ಡ್ ಹ್ಯಾರಿಯಲ್ಲಿ ನೋಡಬಹುದು. ಅಲ್ಲಿ ‘ಹ್ಯಾರಿಯ ಹೆಂಡತಿ’ ಎನಿಸಿಕೊಂಡಿದ್ದ ಬಿಳಿಯ ಕಂಬ 1896ರಲ್ಲಿ ಕುಸಿಯಿತು. 2017ರ ಮಾರ್ಚಿನಲ್ಲಿ ಮಾಲ್ಟಾ ದೇಶದ ಹೆಸರಾಂತ ಕಡಲಕಮಾನು ಒಂದೇ ಬಿರುಗಾಳಿಗೆ ಹೇಳಹೆಸರಿಲ್ಲದಂತಾಯಿತು. ಡರ್ಡಲ್ ಡೋರಿನ ಹಣೆಬರಹವೂ ಅದೇ.

ಹೆಕ್ಕಬೇಕೇ, ಬಿಡಬೇಕೇ?

ಹಾಗಾದರೆ ಇಂಥ ತೀರವನ್ನು ಕಾಪಾಡುವುದೆಂದರೇನು? ಅರಮನೆಯನ್ನೋ ದೇಗುಲವನ್ನೋ ಕಾಪಾಡುವಂತೆ ಬೇಲಿ ಹಾಕಿ, ಯಾರೂ ಮುಟ್ಟಬಾರದೆಂದರೆ ಆಯಿತೇ? ಇಲ್ಲಿ ಆ ಉಪಾಯ ನಡೆಯದು. ಬಂಡೆಯಿಂದ ಕಳಚಿ ದಂಡೆಗೆ ಬಿದ್ದ ಪಳೆಯುಳಿಕೆಯನ್ನು ಯಾರೂ ಮುಟ್ಟದೆ ಬಿಟ್ಟರೆ ಕಡಲೇ ಅದನ್ನು ಅರೆದು ಪುಡಿಮಾಡುತ್ತದೆ. ತೋರಿಸಿದ ಕೈಯೇ ಅಳಿಸುತ್ತದೆ. ಆದ್ದರಿಂದ ಪಶ್ಚಿಮ ಡಾರ್ಸೆಟಿನಲ್ಲಿ ಸಂಗ್ರಹಕಾರರಿಗೆ ಒಂದು ನಿಯಮಾವಳಿಯಿದೆ. ಅನುಮತಿಯಿಲ್ಲದೆ ಬಂಡೆಯನ್ನು ಅಗೆಯಬಾರದು. ದಂಡೆಯಲ್ಲಿ ಬಿದ್ದುದನ್ನು ಹೆಕ್ಕಬಹುದು. ಅಪೂರ್ವವಾದುದು ಸಿಕ್ಕರೆ ಅದನ್ನು ಚಾರ್ಮತ್ತಿನ ಕೇಂದ್ರದಲ್ಲಿ ದಾಖಲು ಮಾಡಿಸಬೇಕು.

ಇದರ ಸಾರ್ಥಕತೆಗೆ ಕಿಮ್ಮರಿಜ್ ಗ್ರಾಮವೇ ನಿದರ್ಶನ. ಸ್ಟೀವ್ ಎಚಸ್ ವೃತ್ತಿಯಿಂದ ಕೊಳಾಯಿ ಕೆಲಸಗಾರ. ಅವರು ದಶಕಗಳ ಕಾಲ ಈ ದಂಡೆಯಲ್ಲಿ ಹೆಕ್ಕಿದ ಪಳೆಯುಳಿಕೆಗಳಿಗಾಗಿ 2016ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯವೇ ತೆರೆಯಿತು. 2022ರಲ್ಲಿ ಅಲ್ಲಿನ ದಂಡೆಯಲ್ಲಿ ಮೂತಿಯ ತುದಿಯೊಂದು ದೊರೆಯಿತು. ಉಳಿದ ತಲೆ ಎತ್ತರದ ಬಂಡೆಗೋಡೆಯೊಳಗೆ ಸಿಕ್ಕಿಕೊಂಡಿತ್ತು. ಎಚಸ್ ಮತ್ತು ಸಂಗಡಿಗರು ಹಗ್ಗದಲ್ಲಿ ನೇತಾಡುತ್ತ ಅದನ್ನು ಬಿಡಿಸಿ ತೆಗೆದರು. ಸುಮಾರು ಆರೂವರೆ ಅಡಿ ಉದ್ದದ, 15 ಕೋಟಿ ವರ್ಷ ಹಳೆಯದಾದ ‘ಪ್ಲಯೋಸಾರ್’ ತಲೆಬುರುಡೆ ಅದು. ಕೆಲವು ವರ್ಷ ತಡವಾಗಿದ್ದರೆ ಅಲೆಯ ಪಾಲಾಗುತ್ತಿತ್ತು.

ಆದರೆ ಕುಸಿಯುವ ಬಂಡೆಗೆ ವಿಜ್ಞಾನದ ಹಂಗಿಲ್ಲ. 2012ರ ಜುಲೈಯಲ್ಲಿ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ಬಂಡೆ ಬಿದ್ದು ದಂಡೆಯಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಲೈಮ್ ರೀಜಿಸಿನ ಜನ ತಮ್ಮ ಮನೆಗಳನ್ನು ಕಡಲಿಗೆ ಅರ್ಪಿಸಿ ಕೂಡುವಂತೆಯೂ ಇಲ್ಲ. ಪಟ್ಟಣದ ಪೂರ್ವ ಭಾಗಕ್ಕೆ ಕಟ್ಟಿದ ತಡೆಗೋಡೆ 2014ರಲ್ಲಿ ಪೂರ್ತಿಯಾಯಿತು. ಮನೆಗಳಿದ್ದಲ್ಲಿ ಗೋಡೆ, ಬರಿಯ ಬೆಟ್ಟವಿದ್ದಲ್ಲಿ ಕಡಲಿಗೆ ಸ್ವಾತಂತ್ರ್ಯ: ಈ ರಾಜಿಯ ಮೇಲೆ ಆ ತೀರ ಇಂದು ನಿಂತಿದೆ. ಗೋಡೆ ಎದ್ದಲ್ಲೆಲ್ಲ ಮನೆಗಳು ಉಳಿಯುತ್ತವೆ, ಆದರೆ ಹೊಸ ಪಳೆಯುಳಿಕೆಗಳು ಹೊರಬರುವುದು ನಿಲ್ಲುತ್ತದೆ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ನಿರ್ಧರಿಸಬೇಕಾಗಿದೆ.

ಚಾರ್ಮತ್ತಿನಲ್ಲಿ ಚಳಿಗಾಲದ ಬಿರುಗಾಳಿ ಇಳಿದ ಬೆಳಗ್ಗೆ, ನೀರು ಹಿಂದೆ ಸರಿಯುವ ಹೊತ್ತಿಗೆ, ಮಕ್ಕಳೂ ಮುದುಕರೂ ಸುತ್ತಿಗೆ ಹಿಡಿದು ದಂಡೆಗೆ ಇಳಿಯುತ್ತಾರೆ. ಬಂಡೆಯ ಬುಡದಿಂದ ದೂರವಿರಿ ಎಂಬ ಫಲಕ ಅವರನ್ನು ಎಚ್ಚರಿಸುತ್ತದೆ. ಎಲ್ಲರ ಕಣ್ಣೂ ರಾತ್ರಿ ಬಿದ್ದ ಹಸಿ ಮಣ್ಣಿನ ರಾಶಿಯ ಮೇಲೆ. ಮುಂದಿನ ಉಬ್ಬರಕ್ಕೆ ಇನ್ನು ಕೆಲವೇ ಗಂಟೆಗಳಿರುತ್ತವೆ.