ನೆರಳಿದ್ದರೆ ಸೈಕಲ್ ಪ್ರಯಾಣ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಇರುವವರಿಗೆ ಸೈಕಲ್ ತುಳಿಯಿರೆಂದು ವೈದ್ಯರು ಹೇಳುವುದುಂಟು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊಲಕ್ಕೋ ಪೇಟೆಗೋ ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ತುಳಿದರೆ ಐದು ದಿನಗಳಲ್ಲಿ ಆ ಲೆಕ್ಕ ತುಂಬುತ್ತದೆ. ಆದರೂ ನಮ್ಮ ಊರುಗಳಲ್ಲಿ ಎಷ್ಟೋ ಸೈಕಲ್ಲುಗಳು ಗೋಡೆಗೆ ಒರಗಿಕೊಂಡೇ ಇವೆ. ಇದಕ್ಕೆ ಸೋಮಾರಿತನವೊಂದನ್ನೇ ದೂರುವ ಬದಲು ದಾರಿಯನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಕಲಘಟಗಿಯ ಕಾಡಂಚಿನ ರಸ್ತೆಗಳಿಗೆ ಮರಗಳ ಆಸರೆಯುಂಟು. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿಯೂ ಕುಂದಗೋಳದ ಬಯಲಿನಲ್ಲಿಯೂ ಕಣ್ಣು ಹಾಯುವವರೆಗೆ ಹತ್ತಿ, ಕಡಲೆ, ಮೆಣಸಿನಕಾಯಿಯ ಹೊಲಗಳೇ. ಮೇಲಿನಿಂದ ಬಿಸಿಲು, ಕೆಳಗಿನಿಂದ ಡಾಂಬರಿನ ಝಳ, ಜೊತೆಗೆ ತುಳಿಯುವ ಸ್ನಾಯುಗಳೇ ಹುಟ್ಟಿಸುವ ಕಾವು. ಮರವಿದ್ದಲ್ಲಿ ನೇರ ಬಿಸಿಲು ತಡೆಯಲ್ಪಡುತ್ತದೆ. ಎಲೆಗಳು ಹೊರಸೂಸುವ ತೇವದಿಂದ ಗಾಳಿಯೂ ತುಸು ತಂಪಾಗುತ್ತದೆ. ಆಷಾಢದ ಎದುರುಗಾಳಿಯ ಹೊಡೆತವನ್ನೂ ಮರಗಳ ಸಾಲು ಮುರಿಯುತ್ತದೆ. 2006-07ರಿಂದ ಹಲವು ವರ್ಷ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡಿತು. ಮಕ್ಕಳು ಅದನ್ನು ತುಳಿಯುವ ದಾರಿಗೆ ಮಾತ್ರ ನೆರಳು ದೊರೆಯಲಿಲ್ಲ.

ಹಸಿರೆಲ್ಲವೂ ನೆರಳಲ್ಲ. ಬಳ್ಳಾರಿ ಜಾಲಿ ತಾನಾಗಿಯೇ ರಸ್ತೆಯಂಚನ್ನು ಮುತ್ತಿಕೊಳ್ಳುತ್ತದೆ. ಅದರ ಮುಳ್ಳಿನಿಂದ ಪಂಕ್ಚರ್ ತಿದ್ದುವವನಿಗಷ್ಟೇ ಲಾಭ! ಬೇವು, ಹೊಂಗೆ, ಹುಣಸೆ, ಆಲಗಳು ನಮಗೆ ಒಗ್ಗಿದ ಮರಗಳು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಆದುದರಿಂದ ಗುಂಡಿಯನ್ನು ದೊಡ್ಡದಾಗಿ ತೋಡಿ, ಕೆಂಪು ಮಣ್ಣನ್ನೂ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬುವುದು ಒಳಿತು. ದಕ್ಷಿಣೋತ್ತರವಾಗಿ ಸಾಗುವ ರಸ್ತೆಯಲ್ಲಿ ಒಂದೇ ಸಾಲು ನೆಡಲು ಸಾಧ್ಯವಿದ್ದರೆ ಅದನ್ನು ಪಡುವಣ ಅಂಚಿನಲ್ಲಿ ನೆಡಬೇಕು. ಶಾಲೆ ಬಿಟ್ಟು ಮಕ್ಕಳು ಮರಳುವ ಹೊತ್ತಿಗೆ ಅದರ ನೆರಳು ರಸ್ತೆಯ ಮೇಲೆ ಬೀಳುತ್ತದೆ.

ನೆಡುವುದಕ್ಕೆ ಒಂದು ದಿನ ಸಾಕು. ನೀರೆರೆಯುವುದಕ್ಕೆ ಎರಡು ಮೂರು ಬೇಸಿಗೆಗಳೇ ಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿ.ಮೀ. ಉದ್ದಕ್ಕೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಕೊಡಗಳಲ್ಲಿ ನೀರು ಹೊತ್ತು, ದನಗಳು ಮೇಯದಂತೆ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿದವರು. ಅಂಥ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭೀತಿ ಎದುರಾಗಿ, ಅವುಗಳನ್ನು ಉಳಿಸಿಕೊಡಿರೆಂದು ಅವರು ಸರ್ಕಾರದ ಮೊರೆಹೊಕ್ಕರು. ಈ ಮುಂಗಾರಿನಲ್ಲಿ ಗುಂಡಿ ತೋಡುವ ಮೊದಲೇ ರಸ್ತೆಯ ಗಡಿ ಎಲ್ಲಿಯವರೆಗೆ ಇದೆಯೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಆ ಗಡಿಯ ಅಂಚಿನಲ್ಲಿಯೇ ಸಸಿ ನೆಡಬೇಕೆಂದು ಭಕ್ತರಲ್ಲಿ ಕೋರುತ್ತೇವೆ.